ಹಳೆಯ ಮನೆ, ಅದರ ಅಂಗಳ



ಶಿರಸಿಯಿಂದ ಸಿದ್ದಾಪುರದ ಕಡೆಗೋ ಯಲ್ಲಾಪುರದ ಕಡೆಗೋ ಬಸ್ಸಿನಲ್ಲಿ ಹೋಗುವಾಗ ದೊಡ್ಡ ರಸ್ತೆಯಿಂದ ಮಣ್ಣಿನ ದಾರಿಯೊಂದು ಕವಲೊಡೆದು ಕಣಿವೆಗೆ ಇಳಿಯುವುದನ್ನು ನೀವು ನೋಡಿರುತ್ತೀರಿ. ಆ ದಾರಿ ಹಿಡಿದು ನಡೆದರೆ ಮೊದಲು ಎದುರಾಗುವುದು ಮನೆಯಲ್ಲ, ದಣಪೆ. ಎರಡು ಕಂಬ, ಕಂಬಗಳಲ್ಲಿ ತೂತು, ಆ ತೂತುಗಳಲ್ಲಿ ಅಡ್ಡಲಾಗಿ ತೂರಿಸಿದ ಮೂರು ನಾಲ್ಕು ಗಳು. ಮನುಷ್ಯ ಗಳು ಸರಿಸಿ ದಾಟಬಲ್ಲ, ದನ ದಾಟಲಾರದು. ದಣಪೆ ದಾಟಿದ ಮೇಲೆ ಕೊಟ್ಟಿಗೆಯ ವಾಸನೆ ಬರುತ್ತದೆ, ಆಮೇಲೆ ಅಂಗಳ ಕಾಣುತ್ತದೆ, ಅಂಗಳದ ನಡುವೆ ತುಳಸಿಕಟ್ಟೆ. ಅದರಾಚೆ ಜಗುಲಿ. ಮನೆಯೆಂಬುದು ಇಷ್ಟೆಲ್ಲ ಆದಮೇಲೆ ಬರುತ್ತದೆ.

ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ ‘ಇಷ್ಟೆಲ್ಲ’ದ ಬಗ್ಗೆ. ಹಳೆಯ ಮನೆಗಳನ್ನು ಉಳಿಸಬೇಕೆಂಬ ಆಸೆ ಈಚಿನ ವರ್ಷಗಳಲ್ಲಿ ಹೆಚ್ಚಿದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುವ ಮಕ್ಕಳು ಊರಿನ ಮನೆಯನ್ನು ದುರಸ್ತಿ ಮಾಡಿಸುತ್ತಾರೆ. ಕೆಲವರು ಅದನ್ನು ಹೋಮ್‌ಸ್ಟೇ ಮಾಡುತ್ತಾರೆ. ಕೆತ್ತನೆಯ ಕಂಬಕ್ಕೆ ಎಣ್ಣೆ ಹಚ್ಚುತ್ತಾರೆ, ಒಡೆದ ಹೆಂಚಿಗೆ ಅದೇ ಅಚ್ಚಿನ ಹಳೆಯ ಹೆಂಚನ್ನು ಹುಡುಕಿ ತರುತ್ತಾರೆ. ತುಂಬ ಸಂತೋಷದ ಮಾತು. ಆದರೆ ಜಗುಲಿಯಿಂದ ಕೆಳಗಿಳಿದ ಕೂಡಲೇ ಅದೇ ಜನ ಬೇರೆಯವರಾಗಿಬಿಡುತ್ತಾರೆ. ಅಂಗಳಕ್ಕೆ ಸಿಮೆಂಟಿನ ಬಿಲ್ಲೆ, ಅಂಚಿಗೆ ಬಿಳಿಯ ಬೆಣಚುಕಲ್ಲು, ನರ್ಸರಿಯಿಂದ ತಂದ ತಾಳೆಗಿಡ, ಕಾರು ನಿಲ್ಲಿಸಲು ಧರೆ ಕಡಿದು ಮಾಡಿದ ಜಾಗ. ಮನೆ ನೂರು ವರ್ಷದ್ದು, ಅಂಗಳ ಮೊನ್ನೆ ಮೊನ್ನೆಯದು. ಅಂಗಳಕ್ಕೂ ಇತಿಹಾಸವಿರುತ್ತದೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಮೊದಲು ಈ ನೆಲದ ಏರ್ಪಾಟನ್ನು ನೋಡೋಣ. ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಕಣಿವೆಯ ತಳದ ತಂಪಿನಲ್ಲಿ ಅಡಿಕೆ ತೋಟವಿರುತ್ತದೆ. ಅಡಿಕೆಯ ಜೊತೆಗೇ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿದ ಕಾಳುಮೆಣಸು. ತೋಟದ ತಲೆಯ ಮೇಲೆ, ನೆಲ ಏರತೊಡಗುವಲ್ಲಿ ಮನೆ. ಮನೆಯ ಬೆನ್ನಿಗೆ ಹಿತ್ತಲು. ಅದರ ಮೇಲೆ ಸೊಪ್ಪಿನ ಬೆಟ್ಟ, ಬೇಣ. ಇನ್ನೂ ಮೇಲೆ ಕಾನು. ಈ ಅನುಕ್ರಮ ಕಣ್ಣಿಗೆ ಚೆಂದವೆಂದು ಮಾಡಿದ್ದಲ್ಲ. ಬೆಟ್ಟದಲ್ಲಿ ಕಡಿದ ಸೊಪ್ಪು ಕೊಟ್ಟಿಗೆಗೆ ಬರುತ್ತದೆ, ದನದ ಕಾಲಡಿಯಲ್ಲಿ ತುಳಿಸಿಕೊಂಡು ಸಗಣಿ ಗಂಜಲ ಕುಡಿದು ಗೊಬ್ಬರದ ಗುಂಡಿಗೆ ಬೀಳುತ್ತದೆ, ಅಲ್ಲಿ ಕಳಿತು ತೋಟಕ್ಕೆ ಹೋಗುತ್ತದೆ. ಬೆಟ್ಟ, ಕೊಟ್ಟಿಗೆ, ಗುಂಡಿ, ತೋಟ, ಎಲ್ಲವೂ ಒಂದರ ಕೆಳಗೊಂದು. ತಲೆಯ ಮೇಲಿನ ಹೊರೆ ಯಾವಾಗಲೂ ಇಳಿಜಾರಿನಲ್ಲಿ ಇಳಿಯುತ್ತದೆ, ಏರುವುದಿಲ್ಲ. ನೀರೂ ಹಾಗೆಯೇ. ಮೇಲಿನ ಕಾನಿನ ಒರತೆಯಿಂದ ಅಡಿಕೆಯ ದಬ್ಬೆಯಲ್ಲಿ ಹರಿದು ಹಿತ್ತಲಿಗೆ ಬರುವ ನೀರಿಗೆ ಅಬ್ಬಿ ಎನ್ನುತ್ತಾರೆ. ಅಬ್ಬಿಯ ನೀರು ಬಚ್ಚಲಿಗೆ, ಬಚ್ಚಲಿನದು ಬಾಳೆಯ ಬುಡಕ್ಕೆ, ಉಳಿದದ್ದು ತೋಟದ ಕಾಲುವೆಗೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಯಾವ ಹಳೆಯ ಮನೆಯ ಸುತ್ತಣ ನೆಲವನ್ನಾದರೂ ನೀವು ಓದಬಲ್ಲಿರಿ.

ಸೊಪ್ಪಿನ ಬೆಟ್ಟದ ಬಗ್ಗೆ ಒಂದು ಮಾತು. ಇದು ಮಾಲೀಕನ ಸ್ವಂತ ಜಮೀನಲ್ಲ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಆಡಳಿತದಲ್ಲಿ ಅರಣ್ಯದ ಕಟ್ಟುಪಾಡುಗಳು ಬಿಗಿಯಾದಾಗ, ತೋಟಕ್ಕೆ ಸೊಪ್ಪು ಬೇಕೇ ಬೇಕೆಂದು ರೈತರು ಪಟ್ಟು ಹಿಡಿದದ್ದರಿಂದ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದಲ್ಲಿ ಸೊಪ್ಪು ತರುವ ಸೌಲಭ್ಯ ಸಿಕ್ಕಿತು. ಒಂದಕ್ಕೆ ಒಂಬತ್ತು! ಒಂದು ತೋಟ ಬದುಕಲು ಅದರ ಬೆನ್ನಿಗೆ ಎಷ್ಟು ಕಾಡು ನಿಲ್ಲಬೇಕಾಗಿತ್ತು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಆದ್ದರಿಂದ ಹಳೆಯ ಮನೆಯ ‘ಆವರಣ’ ಎಂದಾಗ ಪಾಗಾರದ ಒಳಗಿನ ಅರ್ಧ ಎಕರೆಯನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮತ್ತಿ, ಹೊನ್ನೆ, ನಂದಿ, ನೇರಲೆ ಮರಗಳು ಕೊಂಬೆ ಕತ್ತರಿಸಿಕೊಂಡು ಕಂಬದ ಹಾಗೆ ನಿಂತು ಮತ್ತೆ ಚಿಗುರುವ ಆ ಬೆಟ್ಟವೂ ಮನೆಯದೇ ಭಾಗ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆಯ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರಲ್ಲ, ಅವರಿಗೆ ಕಾಡು ದೂರದ ವಸ್ತುವಾಗಿರಲಿಲ್ಲ. ಅದು ಹಿತ್ತಲಿನ ಮುಂದುವರಿಕೆಯೇ ಆಗಿತ್ತು.

ಇನ್ನು ಅಂಗಳಕ್ಕೆ ಬರೋಣ. ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ಇದೇ. ಮನೆಯ ಎದುರು ಅಷ್ಟು ದೊಡ್ಡ ಜಾಗ ಬೋಳಾಗಿದೆ, ಏನಾದರೂ ನೆಡೋಣ ಎನ್ನಿಸುತ್ತದೆ. ಆದರೆ ಈ ಸೀಮೆಯ ಅಂಗಳ ಬೋಳಾಗಿರುವುದೇ ಅದರ ಕೆಲಸಕ್ಕಾಗಿ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಬಿಸಿಲಿಗೆ ಹಾಕಿ ಚಾಲಿ ಮಾಡಲು ಒಂದೂವರೆ ತಿಂಗಳ ಬಿಸಿಲು ಬೇಕು. ಎಳೆಯ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ ಕೆಂಪಡಿಕೆ ಮಾಡುವವರಿಗೆ ಒಣಗಿಸಲು ಅಟ್ಟ ಬೇಕು, ಅಟ್ಟ ನಿಲ್ಲಿಸಲು ಅಂಗಳ ಬೇಕು. ತೋಟ ಎಷ್ಟು ದೊಡ್ಡದೋ ಅಂಗಳವೂ ಅದಕ್ಕೆ ತಕ್ಕಷ್ಟು. ಹೀಗೆ ಅಂಗಳದ ಅಳತೆಯಿಂದಲೇ ಆ ಮನೆಯ ಹಿಂದಿನ ಬೆಳೆಯನ್ನು ಅಂದಾಜು ಮಾಡಬಹುದು. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಗುರುತಿನಲ್ಲಿ ಮಣ್ಣು, ಹವೆಗಳ ಪಾಲು ಎಷ್ಟಿದೆಯೋ ಅಂಗಳದ ಪಾಲೂ ಅಷ್ಟೇ ಇದೆ ಎಂದು ನನಗೆ ತೋರುತ್ತದೆ.

ಅಂಗಳ ವರ್ಷವಿಡೀ ಒಂದೇ ಆಗಿರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ಕಾಲದಲ್ಲಿ ಅಂಗಳ ಹಾವಸೆ ಕಟ್ಟಿ ಜಾರುತ್ತದೆ. ನಡೆಯಲು ಅಡಿಕೆ ದಬ್ಬೆ ಹಾಸುತ್ತಾರೆ. ದೀಪಾವಳಿಯ ಹೊತ್ತಿಗೆ ಹುಲ್ಲು ಕೆತ್ತಿ, ಹೊಸ ಮಣ್ಣು ಹಾಕಿ, ಮರದ ಹಲಗೆಯಿಂದ ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸುತ್ತಾರೆ. ಉತ್ಥಾನ ದ್ವಾದಶಿಯ ತುಳಸಿ ಮದುವೆಗೆ ಅಂಗಳ ಸಿದ್ಧ. ಆಮೇಲೆ ಕೊನೆಕೊಯ್ಲು, ಅಡಿಕೆ. ಬೇಸಿಗೆಯಲ್ಲಿ ಅಡಿಕೆ ಸೋಗೆಯ ಚಪ್ಪರ ಏಳುತ್ತದೆ, ಅದರಡಿಯಲ್ಲಿ ಮದುವೆ, ಮುಂಜಿ, ಒಮ್ಮೊಮ್ಮೆ ತಾಳಮದ್ದಲೆ. ಮಳೆ ಹತ್ತಿರ ಬಂತೆಂದರೆ ಚಪ್ಪರ ಬಿಚ್ಚಿ ಸೋಗೆಯನ್ನು ಕೊಟ್ಟಿಗೆಯ ಮಾಡಿಗೆ ಒಯ್ಯುತ್ತಾರೆ. ಮನೆಯ ಗೋಡೆಯಿಂದ ಹೊರಕ್ಕೆ ಅಂಗಳಕ್ಕೆ ಸಣ್ಣ ಇಳಿಜಾರಿರುತ್ತದೆ. ಮಳೆಯ ನೀರು ಗೋಡೆಯ ಬುಡಕ್ಕೆ ಬರಬಾರದಷ್ಟೆ. ಕಣ್ಣಿಗೆ ಕಾಣದ ಈ ಇಳಿಜಾರನ್ನು ಒಂದು ಕೊಡ ನೀರು ಚೆಲ್ಲಿ ಕಂಡುಕೊಳ್ಳಬಹುದು.

ಸಿದ್ದಾಪುರ ತಾಲ್ಲೂಕಿನ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮನೆಯ ಹಿರಿಯ ಮಗ ದುರಸ್ತಿಗೆ ಕೈಯಿಂದ ಧಾರಾಳ ಖರ್ಚು ಮಾಡಿದ್ದ. ಅಂಗಳಕ್ಕೆ ಹುಲ್ಲುಹಾಸು ಹಾಸಿದ್ದ. ಮಳೆಗಾಲ ಮುಗಿದ ಹೊಸತರಲ್ಲಿ ಅದು ಹಚ್ಚಹಸಿರಾಗಿ ಕಂಗೊಳಿಸುತ್ತಿತ್ತು. ಜಗುಲಿಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ, “ಚೊಲೋ ಆಜು ತಮಾ. ಅಡಿಕೆ ಎಲ್ಲಿ ಒಣಗಸ್ತ್ರಿ?” ಎಂದರು. ಆತ ಉತ್ತರ ಕೊಡಲಿಲ್ಲ. ಆ ವರ್ಷ ಅಡಿಕೆಯನ್ನು ನೆರೆಮನೆಯ ಅಂಗಳದಲ್ಲಿ ಒಣಗಿಸಿದರು. ಮಾರ್ಚ್ ತಿಂಗಳಿಗೆ ಬಾವಿಯ ನೀರು ತಳ ಕಂಡಿತು. ಹುಲ್ಲಿಗೆ ಬಿಡಬೇಕೋ ತೋಟಕ್ಕೆ ಬಿಡಬೇಕೋ ಎಂಬ ಪ್ರಶ್ನೆ ಬಂದಾಗ ಹುಲ್ಲು ತಾನಾಗಿಯೇ ಒಣಗಿತು.

ಹುಲ್ಲುಹಾಸು ಹುಟ್ಟಿದ್ದು ವರ್ಷದ ಹೆಚ್ಚು ದಿನ ಜಿನುಗು ಮಳೆಯಿರುವ ತಂಪು ದೇಶಗಳಲ್ಲಿ. ನಮ್ಮಲ್ಲಿ ಅದು ಅರಮನೆ, ಬಂಗಲೆ, ಸರ್ಕಾರಿ ಉದ್ಯಾನಗಳ ಮೂಲಕ ಬಂತು. 1908ರಿಂದ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಅವರು ಬೆಂಗಳೂರು ಮೈಸೂರುಗಳಿಗೆ ಕೊಟ್ಟ ಚೆಲುವನ್ನು ನಾನು ಹಗುರ ಮಾಡಿ ಮಾತನಾಡುತ್ತಿಲ್ಲ. ಬೆಂಗಳೂರಿನ ಬಂಗಲೆಯ ಎದುರು ಹುಲ್ಲುಹಾಸು ಆ ಕಾಲಕ್ಕೆ ಸರಿಯಾದದ್ದೇ. ಅಡಿಕೆ ಬೆಳೆಯುವವನ ಮನೆಯ ಎದುರು ಅದು ಯಾವ ಕಾಲಕ್ಕೂ ಇರಲಿಲ್ಲ.

ಹಾಗಾದರೆ ‘ಆ ಕಾಲ’ ಎಂದರೆ ಯಾವ ಕಾಲ? ಹಳೆಯ ಮನೆಯ ನೆಲವನ್ನು ಅದರ ಕಾಲಕ್ಕೆ ತಕ್ಕಂತೆ ಇಡಬೇಕೆನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಸ್ವಾದಿಯ, ಅಂದರೆ ಸೋಂದೆಯ ಅರಸರ ಆಳ್ವಿಕೆ ಹೈದರಾಲಿಯ ದಂಡಯಾತ್ರೆಯೊಂದಿಗೆ ಮುಗಿಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಈ ದಾರಿಯಲ್ಲಿ ಬಂದ. ಸೋಂದೆಯ ಹಾಳುಬಿದ್ದ ಕೋಟೆಯನ್ನೂ, ಹೈಗ ಬ್ರಾಹ್ಮಣರು ಮಾಡುತ್ತಿದ್ದ ಅಡಿಕೆ-ಮೆಣಸಿನ ತೋಟಗಳನ್ನೂ ನೋಡಿ ವಿವರವಾಗಿ ಬರೆದಿಟ್ಟ. ಅವನ ಗ್ರಂಥ 1807ರಲ್ಲಿ ಅಚ್ಚಾಯಿತು. 1883ರಲ್ಲಿ ಮುಂಬಯಿ ಸರ್ಕಾರದ ಕೆನರಾ ಗ್ಯಾಸೆಟಿಯರ್ ಬಂತು. ಇವೆರಡೂ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕರೆ ತಿರುವಿಹಾಕಿ. ಆದರೆ ಇಂದು ನಾವು ‘ಹಳೆಯ ಮನೆ’ ಎನ್ನುವ ಹೆಚ್ಚಿನ ಮನೆಗಳು ಈಗ ಕಾಣುವ ರೂಪವನ್ನು ಪಡೆದದ್ದು ಅದಕ್ಕೂ ಈಚೆಗೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮಂಗಳೂರು ಹೆಂಚು ಹೊದ್ದ ಮಾಡು ಅದಕ್ಕಿಂತ ಹಳೆಯದಾಗಿರಲಾರದು. ಅದಕ್ಕೆ ಮುಂಚೆ ಸೋಗೆ, ಕರಡದ ಹುಲ್ಲು, ನಾಡಹೆಂಚು. ಮಾಡು ಬದಲಾದರೆ ಅಂಗಳದಲ್ಲಿ ಹನಿ ಬೀಳುವ ಗೆರೆಯೂ ಬದಲಾಗುತ್ತದೆ. ಈಗಿನ ಮಾಡಿನ ಅಂಚಿಗೆ ಹೊಂದದ ಹಳೆಯ ಹನಿಗೆರೆಯೊಂದು ಗೋಡೆಯ ಬಳಿ ಕಂಡರೆ, ಆ ಮನೆಗೆ ಹಿಂದೆ ಬೇರೆ ಮಾಡಿತ್ತೆಂದು ಊಹಿಸಬಹುದು.

ಗಿಡಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಮಳೆಗಾಲದಲ್ಲಿ ಶಿರಸಿ ಸೀಮೆಯ ಯಾವ ಮನೆಗಾದರೂ ಹೋಗಿ, ಜಗುಲಿಯ ಕೆಳಗೆ ಡೇರೆ ಹೂವಿನ ಸಾಲು ನಿಮ್ಮನ್ನು ಎದುರುಗೊಳ್ಳುತ್ತದೆ. ತಟ್ಟೆಯಷ್ಟು ಅಗಲದ ಹೂಗಳು. ಕೆಂಪು, ಹಳದಿ, ನೇರಿಳೆ, ಬಿಳಿ. ಹೆಂಗಸರು ಗಡ್ಡೆಗಳನ್ನು ಒಬ್ಬರಿಗೊಬ್ಬರು ಹಂಚಿಕೊಂಡು, ನೆಂಟರ ಮನೆಯಿಂದ ಸೆರಗಿನಲ್ಲಿ ಕಟ್ಟಿ ತಂದು ಬೆಳೆಸಿದ ಸಂಪತ್ತು ಅದು. ಇದಕ್ಕಿಂತ ನಮ್ಮದಾದ ಹೂವಿಲ್ಲ ಎನ್ನುವಷ್ಟು ನಮ್ಮದು. ಆದರೆ ಡೇರೆ ಮೆಕ್ಸಿಕೋ ದೇಶದ ಗಿಡ. ಯುರೋಪಿಗೆ ಅದು ಹೋದದ್ದೇ 1789ರ ಸುಮಾರಿಗೆ. ಡಾಲ್ ಎಂಬ ಸ್ವೀಡನ್ನಿನ ಸಸ್ಯವಿಜ್ಞಾನಿಯ ಹೆಸರಿನಿಂದ ಡೇಲಿಯಾ ಎನಿಸಿಕೊಂಡಿತು, ನಮ್ಮ ಬಾಯಲ್ಲಿ ಡೇರೆಯಾಯಿತು. ಸೋಂದೆಯ ಅರಸರ ಕಾಲದ ಅಂಗಳವನ್ನೇ ಮರಳಿ ಮಾಡಬೇಕೆಂದರೆ ಡೇರೆಯನ್ನು ಕಿತ್ತುಹಾಕಬೇಕಾಗುತ್ತದೆ. ಗೊಂಡೆ ಹೂವೂ ಮೆಕ್ಸಿಕೋದ್ದೇ. ದೇವಸ್ಥಾನದ ಎದುರಿನ ದೇವಕಣಗಿಲೆ, ಹಿತ್ತಲಿನ ಪೇರಲೆ, ಪಪ್ಪಾಯಿ, ಅನಾನಸು, ಬೇಣದ ಗೇರು, ಅಡಿಗೆಮನೆಯ ಮೆಣಸಿನಕಾಯಿ, ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಪೋರ್ತುಗೀಸರ ಹಡಗಿನಲ್ಲಿ ಬಂದವನ್ನು ‘ಪರದೇಶಿ’ ಎನ್ನುವ ಧೈರ್ಯ ಉಪ್ಪಿನಕಾಯಿ ತಿನ್ನುವವರಾರಿಗೂ ಇರಲಿಕ್ಕಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಮನೆ ಕಟ್ಟಿದ ವರ್ಷವನ್ನು ಹಿಡಿದು ಕೂರಬೇಕಾಗಿಲ್ಲ. ಆ ಮನೆ, ಅದರ ತೋಟ, ಕೊಟ್ಟಿಗೆ, ಬೆಟ್ಟ ಒಂದಕ್ಕೊಂದು ಹೊಂದಿಕೊಂಡು ಪೂರ್ತಿಯಾಗಿ ನಡೆಯುತ್ತಿದ್ದ ಕೊನೆಯ ಕಾಲ ಯಾವುದೋ ಅದನ್ನು ಹಿಡಿಯಬೇಕು. ಅದು ಮನೆಯ ಹಿರಿಯರ ನೆನಪಿಗೆ ನಿಲುಕುವ ಕಾಲವಾದರೆ ಇನ್ನೂ ಒಳ್ಳೆಯದು, ಸಾಕ್ಷಿ ಸಿಗುತ್ತದೆ. ಹಾಗೆ ನೋಡಿದರೆ ಡೇರೆ ಉಳಿಯುತ್ತದೆ, ಪ್ಲಾಸ್ಟಿಕ್ ಕುಂಡದ ಆಂಥೂರಿಯಂ ಜಗುಲಿಯ ಮೂಲೆಗೆ ಸರಿಯುತ್ತದೆ, ಅಕೇಶಿಯಾ ಬೇಲಿಯಾಚೆಗೆ ಹೋಗುತ್ತದೆ. ಕಾಲವನ್ನು ಆರಿಸುವಾಗ ಮನೆಯ ಇತಿಹಾಸದ ಗಾಯಗಳೂ ಲೆಕ್ಕಕ್ಕೆ ಬರುತ್ತವೆ. 1932ರ ಕರನಿರಾಕರಣೆಯಲ್ಲಿ ಸಿದ್ದಾಪುರ ತಾಲ್ಲೂಕಿನ ರೈತರು ಮನೆ ಜಮೀನುಗಳ ಜಪ್ತಿಯನ್ನು ಎದುರಿಸಿದರು. ಅಂಥ ಮನೆಯ ಅಂಗಳದಲ್ಲಿ ಹೂವಿನ ಪಾತಿಗಿಂತ ಆ ನೆನಪಿಗೆ ಹೆಚ್ಚು ಜಾಗ ಬೇಕು.

ಬೇರೆ ದೇಶಗಳಲ್ಲಿ ಇಂಥ ಕೆಲಸ ಹೇಗೆ ನಡೆದಿದೆ ನೋಡಿ. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಮನೆ ವರ್ಜೀನಿಯಾದ ಮಾಂಟಿಸೆಲೊ. ಅವನು 1826ರಲ್ಲಿ ತೀರಿಕೊಂಡ ಮೇಲೆ ಹೂದೋಟ ಅಳಿದುಹೋಯಿತು. 1939ರ ಸುಮಾರಿಗೆ ಅದನ್ನು ಮರಳಿ ಮಾಡಹೊರಟವರ ಕೈಯಲ್ಲಿ ಅವನು ಬರೆದ ನಕ್ಷೆಗಳಿದ್ದವು. ಆದರೆ ಬಳಸುದಾರಿ ನೆಲದ ಮೇಲೆ ಎಲ್ಲಿತ್ತೆಂದು ಹಗಲಿನಲ್ಲಿ ಕಾಣುತ್ತಿರಲಿಲ್ಲ. ಅವರು ರಾತ್ರಿ ಕಾರುಗಳನ್ನು ಹುಲ್ಲಿನ ಮೇಲೆ ತಂದು ದೀಪ ಹಾಯಿಸಿದರು. ಓರೆಯಾಗಿ ಬಿದ್ದ ಬೆಳಕಿನಲ್ಲಿ ನೆಲದ ಸಣ್ಣ ತಗ್ಗು ಉಬ್ಬುಗಳು ನೆರಳಾಗಿ ಎದ್ದವು, ನೂರು ವರ್ಷಕ್ಕೂ ಹಳೆಯ ದಾರಿ ಸುತ್ತುವರಿದು ಕಾಣಿಸಿತು. ಇದಕ್ಕೆ ಕಾರೇ ಬೇಕೆಂದಿಲ್ಲ. ಮಾಗಿಯ ಬೆಳಗಿನ ಎಳೆಬಿಸಿಲಿನಲ್ಲಿ ನಿಮ್ಮ ಅಜ್ಜನ ಮನೆಯ ಬೇಣದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿ. ಹಳೆಯ ಗಾಡಿದಾರಿ, ಮುಚ್ಚಿದ ಅಗಳ, ಬಿದ್ದ ಕೊಟ್ಟಿಗೆಯ ಅಡಿಪಾಯ ಕಂಡರೂ ಕಾಣಬಹುದು.

ಆದರೆ ಅದೇ ಮಾಂಟಿಸೆಲೊದಲ್ಲಿ ಇನ್ನೊಂದು ಪಾಠವೂ ಇದೆ. ಹೂದೋಟ ಮರಳಿ ಬಂದು ದಶಕಗಳಾದರೂ, ಗುಲಾಮರಾಗಿದ್ದವರು ದುಡಿದು ಬಾಳಿದ ಮಲ್ಬರಿ ರೋ ಎಂಬ ಗುಡಿಸಲುಗಳ ಸಾಲು ಬರಲಿಲ್ಲ. ಅದನ್ನು ತೋರಿಸುವ ಕೆಲಸ ನಡೆದದ್ದು ತೀರ ಈಚೆಗೆ. ನಮ್ಮಲ್ಲಿಯೂ ಈ ಎಚ್ಚರ ಬೇಕು. ದೊಡ್ಡ ಮನೆಯ ಅಂಗಳದಲ್ಲಿ ಯಾರು ಎಲ್ಲಿಯವರೆಗೆ ಬರಬಹುದು, ಯಾರು ಜಗುಲಿ ಏರಬಹುದು, ಯಾರಿಗೆ ಬಾವಿಯ ಕಟ್ಟೆ ನಿಷಿದ್ಧ ಎಂಬ ಗೆರೆಗಳೂ ಆ ನೆಲದ ಮೇಲೆ ಇದ್ದವು. ಕೊನೆ ಇಳಿಸಿದವರು, ಸೊಪ್ಪು ಹೊತ್ತವರು, ಅಡಿಕೆ ಸುಲಿಯಲು ರಾತ್ರಿಯವರೆಗೆ ಕುಳಿತವರು ಆ ಗೆರೆಗಳ ಹೊರಗಿದ್ದರು. ಕಾಲಕ್ಕೆ ತಕ್ಕಂತೆ ಎಂದು ಹೇಳಿ ಆ ಗೆರೆಗಳನ್ನು ಮರಳಿ ಎಳೆಯಬೇಕೆಂದು ಯಾರೂ ಹೇಳಲಾರರು. ಇದ್ದವು ಎಂಬುದನ್ನು ಮುಚ್ಚಿಡುವುದೂ ಸಲ್ಲದು. ಅಲ್ಲದೆ ‘ಐತಿಹಾಸಿಕ ಮನೆ’ ಎಂದರೆ ಕಂಬದ ದೊಡ್ಡ ಮನೆಯೇ ಆಗಬೇಕಿಲ್ಲ. ಸಿದ್ದಾಪುರ, ಶಿರಸಿ ಕಡೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಈ ಚಿತ್ರದ ಸಾಮಗ್ರಿಯೆಲ್ಲ ಗದ್ದೆ, ಹಿತ್ತಲು, ಕಾಡಿನಿಂದ ಬಂದದ್ದು. ಗುರಿಗೆ, ಪುಂಡಿ ಎರಡೂ ಆಸುಪಾಸಿನಲ್ಲಿ ಇಲ್ಲವಾದರೆ ಗೋಡೆಯ ಚಿತ್ತಾರ ಅಂಗಡಿಯ ಬಣ್ಣಕ್ಕೆ ತಿರುಗುತ್ತದೆ. ಯಲ್ಲಾಪುರದ ಕಾಡಂಚಿನ ಸಿದ್ದಿಗಳ ಮನೆಯಂಗಳಗಳನ್ನಂತೂ ಯಾರೂ ಈ ದೃಷ್ಟಿಯಿಂದ ನೋಡುವ ಗೋಜಿಗೆ ಹೋಗುವುದಿಲ್ಲ. ನಿಮ್ಮಲ್ಲಿ ಯಾರಾದರೂ ಹೋಗಬೇಕು.

ಹಿತ್ತಲಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಂಗಳ ಗಂಡಸರ ಲೆಕ್ಕದ ಜಾಗವಾದರೆ ಹಿತ್ತಲು ಹೆಂಗಸರ ಜ್ಞಾನದ ಜಾಗ. ಬಚ್ಚಲ ನೀರು ಹರಿಯುವಲ್ಲಿ ಕೆಸು, ಬಸಳೆ. ಸದಾ ಒದ್ದೆಯಿರುವ ಬಾವಿಯ ಬುಡದಲ್ಲಿ ಒಂದೆಲಗ. ಗೋಡೆಯ ಬದಿಗೆ ದೊಡ್ಡಪತ್ರೆ, ಕರಿಬೇವು. ಸ್ವಲ್ಪ ದೂರದಲ್ಲಿ ಅರಿಶಿನ, ಸುವರ್ಣಗೆಡ್ಡೆ. ಅಂಚಿನಲ್ಲಿ ಮುರುಗಲು, ಹಲಸು, ಅಪ್ಪೆಮಿಡಿಯ ಒಂದು ಮರ. ಹೂವು ಕೊಯ್ಯಲು ದಾಸವಾಳ, ನಂದಬಟ್ಟಲು, ಪಾರಿಜಾತ, ಕಣಗಿಲೆ, ಅಬ್ಬಲಿಗೆ. ನೋಡುವವರಿಗೆ ಇದು ಅಡ್ಡಾದಿಡ್ಡಿ ಎನಿಸುತ್ತದೆ. ಆದರೆ ಪ್ರತಿ ಗಿಡ ಎಲ್ಲಿದೆಯೋ ಅಲ್ಲಿರುವುದಕ್ಕೆ ನೀರು, ನೆರಳು, ಅಡಿಗೆಮನೆಯ ದೂರ, ಈ ಮೂರರಲ್ಲಿ ಒಂದು ಕಾರಣವಿರುತ್ತದೆ. ತಂಬುಳಿಗೆ ನಾಲ್ಕು ಎಲೆ ಬೇಕೆಂದಾಗ ಒಲೆಯ ಮೇಲಿನ ಪಾತ್ರೆ ಉಕ್ಕುವ ಮೊದಲು ಹೋಗಿ ಬರಬೇಕಲ್ಲ! ಹಿತ್ತಲನ್ನು ‘ಚೊಕ್ಕಟ’ ಮಾಡಿಸುವಾಗ ಕೂಲಿಯವರ ಕತ್ತಿಗೆ ಮೊದಲು ಸಿಗುವುದು ಇವೇ ಗಿಡಗಳು. ಅಜ್ಜಿಯನ್ನು ಜೊತೆಗೆ ನಿಲ್ಲಿಸಿಕೊಳ್ಳದೆ ಹಿತ್ತಲಿನಲ್ಲಿ ಕತ್ತಿ ಎತ್ತಿಸಬಾರದು.

ಈಗ ಸಿಮೆಂಟಿನ ಮಾತು. ಹಳೆಯ ಮನೆಗಳ ಗೋಡೆ ಮಣ್ಣಿನದು ಅಥವಾ ಚಿರೆಕಲ್ಲಿನದು. ಅವು ನೆಲದ ತೇವವನ್ನು ಹೀರುತ್ತವೆ, ಬಿಸಿಲಿನಲ್ಲಿ ಬಿಡುತ್ತವೆ. ಗೋಡೆಯ ಬುಡದವರೆಗೆ ಸಿಮೆಂಟು ಹಾಕಿದರೆ ನೆಲದ ತೇವಕ್ಕೆ ಹೊರಹೋಗುವ ದಾರಿ ತಪ್ಪಿ ಅದು ಗೋಡೆಯೊಳಗೇ ಏರುತ್ತದೆ. ಎರಡು ಮೂರು ಮಳೆಗಾಲದಲ್ಲಿ ಗಾರೆ ಉದುರುತ್ತದೆ, ಕಂಬದ ಬುಡ ಕೊಳೆಯುತ್ತದೆ. ಮನೆಯನ್ನು ಉಳಿಸಲು ಮಾಡಿದ ಖರ್ಚೇ ಮನೆಯನ್ನು ತಿನ್ನತೊಡಗುತ್ತದೆ. ಹಾಗೆಂದು ಸಗಣಿ ಸಾರಿಸಿ ಎಂದು ಉಪದೇಶ ಮಾಡಲು ನನಗೆ ಸಂಕೋಚವಿದೆ. ವರ್ಷ ವರ್ಷ ಅಂಗಳ ಬಡಿದು ಸಾರಿಸಿದ ಸೊಂಟಗಳು ಯಾರವು ಎಂದು ನನಗೆ ಗೊತ್ತು. ಮಕ್ಕಳೆಲ್ಲ ಊರು ಬಿಟ್ಟ ಮನೆಯಲ್ಲಿ ಅರವತ್ತು ದಾಟಿದ ಅತ್ತೆಯವರು ಆ ಕೆಲಸ ಮಾಡಲಾರರು, ಆಳೂ ಸಿಗುವುದಿಲ್ಲ, ಕೊಟ್ಟಿಗೆಯಲ್ಲಿ ಒಂದೇ ಹಸು. ಅಂಥಲ್ಲಿ ಚಿರೆಕಲ್ಲನ್ನು ಸಿಮೆಂಟಿಲ್ಲದೆ ಮರಳಿನ ಮೇಲೆ ಕೂರಿಸಬಹುದು. ನೀರು ಸಂದಿನಲ್ಲಿ ಇಂಗುತ್ತದೆ, ಅಡಿಕೆಗೆ ಹಾಳೆ ಹಾಸಿದರಾಯಿತು. ಸಿಮೆಂಟೇ ಬೇಕೆನ್ನುವವರು ಗೋಡೆಯಿಂದ ಮೂರು ಅಡಿ, ತುಳಸಿಕಟ್ಟೆಯ ಸುತ್ತ ಎರಡು ಅಡಿ ಮಣ್ಣನ್ನು ಹಾಗೆಯೇ ಬಿಡಲಿ. ಹಳೆಯ ಇಳಿಜಾರನ್ನು ಕೆಡಿಸದಿರಲಿ.

ಕಾರಿನದು ಇದಕ್ಕಿಂತ ದೊಡ್ಡ ತೊಂದರೆ. ಹಳೆಯ ಮನೆಗೆ ಕಾರು ಬರುವ ಕಲ್ಪನೆ ಇರಲಿಲ್ಲ. ಅದಕ್ಕಾಗಿ ಯಂತ್ರ ತರಿಸಿ ಮನೆಯ ಹಿಂದಣ ಧರೆಯನ್ನು ನೆಟ್ಟಗೆ ಕಡಿಯುತ್ತಾರೆ. ಆ ಧರೆಯ ಮೇಲಿದ್ದ ಮರಗಳ ಬೇರು, ಧರೆಯ ತಲೆಯಲ್ಲಿ ನೀರನ್ನು ಬದಿಗೆ ತಿರುಗಿಸುತ್ತಿದ್ದ ಅಗಳ, ಎರಡೂ ಹೋಗುತ್ತವೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಅತಿಯಾದ ಮಳೆಗೆ ಗುಡ್ಡ ಜರಿದು ಮನೆ, ತೋಟ, ರಸ್ತೆಗಳು ಮಣ್ಣುಪಾಲಾದವು. ನಮ್ಮ ಇಳಿಜಾರುಗಳು ಎಷ್ಟು ಸೂಕ್ಷ್ಮವೆಂದು ಅಲ್ಲಿ ಎಲ್ಲರೂ ಕಂಡರು. ಕಾರನ್ನು ದಣಪೆಯ ಹೊರಗೆ ನಿಲ್ಲಿಸಿ ನೂರು ಹೆಜ್ಜೆ ನಡೆದು ಬಂದರೆ ನೆಂಟರಿಗೆ ಹೊಟ್ಟೆ ಹಸಿಯುತ್ತದೆ, ಊಟ ರುಚಿಸುತ್ತದೆ.

ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮಕ್ಕೆ ನೀವು ಪ್ರವಾಸ ಹೋಗಿರಬಹುದು. ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಅವರ ಆ ಸಾಹಸವಿಲ್ಲದಿದ್ದರೆ ಆ ಮನೆಗಳು ಸೌದೆಯಾಗುತ್ತಿದ್ದವು. ಆದರೂ ಅಲ್ಲಿ ನಿಂತಾಗ ಒಂದು ಸಂಗತಿ ಹೊಳೆಯುತ್ತದೆ: ಮನೆಯನ್ನು ಲಾರಿಯಲ್ಲಿ ತರಬಹುದು, ಬಾವಿಯನ್ನು ತರಲಾಗದು, ಬೆಟ್ಟವನ್ನಂತೂ ಕೇಳುವುದೇ ಬೇಡ. ಚಾರಿತ್ರಿಕ ಉದ್ಯಾನಗಳ ರಕ್ಷಣೆಗೆಂದು 1981ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ತಜ್ಞರು ಸೇರಿ ರಚಿಸಿದ ಸನ್ನದು ಉದ್ಯಾನವನ್ನು ಜೀವಂತ ಸ್ಮಾರಕವೆಂದು ಕರೆಯುತ್ತದೆ. ಗಿಡ ಸಾಯುತ್ತದೆ, ಮತ್ತೆ ನೆಡಬೇಕಾಗುತ್ತದೆ. ಕಲ್ಲಿನ ಗುಡಿಯ ಹಾಗೆ ಒಮ್ಮೆ ಸರಿಪಡಿಸಿ ಬೀಗ ಹಾಕುವಂತಿಲ್ಲ ಎಂಬುದು ಅದರ ತಿರುಳು. ನಮ್ಮ ತೋಟದವರಿಗೆ ಇದನ್ನು ಸನ್ನದು ಬರೆದು ಹೇಳಬೇಕಾಗಿಲ್ಲವೆನ್ನಿ. ಸತ್ತ ಅಡಿಕೆ ಮರದ ಬುಡದಲ್ಲೇ ಹೊಸ ಸಸಿ ಇಡುತ್ತ ಬಂದವರು ಅವರು.

ನೀವು ಏನು ಮಾಡಬಹುದು ಎಂದರೆ, ಈ ಸಲದ ರಜೆಯಲ್ಲಿ ಒಂದು ಮನೆಯನ್ನು ಆರಿಸಿಕೊಳ್ಳಿ. ನಿಮ್ಮದೇ ಆಗಬೇಕೆಂದಿಲ್ಲ. ಒಂದು ದೊಡ್ಡ ಕಾಗದದ ಮೇಲೆ ದಣಪೆಯಿಂದ ಬೆಟ್ಟದವರೆಗಿನ ನಕ್ಷೆ ಬರೆಯಿರಿ. ಅಳತೆಗೆ ಹೆಜ್ಜೆ ಸಾಕು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಬಾಣದ ಗುರುತು ಹಾಕಿ. ದೊಡ್ಡ ಮರಗಳನ್ನು ಗುರುತಿಸಿ. ಯಾರು ನೆಟ್ಟರು, ಯಾವ ಮದುವೆಯ ವರ್ಷ, ಯಾವ ಮಗು ಹುಟ್ಟಿದಾಗ ಎಂದು ಕೇಳಿ, ಮರದ ವಯಸ್ಸು ಹಾಗೆ ಸಿಗುತ್ತದೆ. ಮರದ ಹೆಸರು ತಿಳಿಯದಿದ್ದರೆ 1985ರಲ್ಲಿ ಶಿರಸಿಯಲ್ಲಿ ಆರಂಭವಾದ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಯಾರಾದರೂ ನಿಮ್ಮೂರಿನಲ್ಲಿದ್ದಾರೆಯೇ ನೋಡಿ. ಪಹಣಿ, ಹಳೆಯ ಸರ್ವೆ ನಕಾಶೆ, ಬೆಟ್ಟದ ಕಾಗದಗಳು ಪೆಟ್ಟಿಗೆಯಲ್ಲಿದ್ದರೆ ಹಿರಿಯರ ಅನುಮತಿ ಕೇಳಿ ನಕಲು ಮಾಡಿಕೊಳ್ಳಿ. ಮದುವೆಯ ಹಳೆಯ ಫೋಟೋಗಳನ್ನು ಮರೆಯಬೇಡಿ. ಅವುಗಳಲ್ಲಿ ಮದುಮಕ್ಕಳನ್ನು ಎಲ್ಲರೂ ನೋಡುತ್ತಾರೆ. ನೀವು ಅವರ ಹಿಂದೆ ಏನಿದೆ ಎಂದು ನೋಡಿ. ಚಪ್ಪರದ ಕಂಬ ಎಲ್ಲಿ ನಿಂತಿದೆ, ತುಳಸಿಕಟ್ಟೆ ಈಗಿರುವಲ್ಲೇ ಇತ್ತೇ, ಬೇಲಿ ಹಾಲುವಾಣದ್ದೋ ಪಾಗಾರವೋ.

ನಕ್ಷೆ ಮುಗಿದ ಮೇಲೆ ಅದನ್ನು ಆ ಮನೆಯ ಹಿರಿಯರ ಎದುರು ಜಗುಲಿಯ ಮೇಲೆ ಬಿಡಿಸಿಡಿ. ಅವರು ಮೊದಲು ನಿಮ್ಮ ತಪ್ಪುಗಳನ್ನು ತೋರಿಸುತ್ತಾರೆ. ಕೊಟ್ಟಿಗೆ ಅಲ್ಲಿರಲಿಲ್ಲ, ಇಲ್ಲಿತ್ತು. ಆ ಹಲಸು ಬಕ್ಕೆಯಲ್ಲ, ಬಿಳುವ ಎನ್ನುತ್ತಾರೆ. ಅವರು ಹೇಳಿದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಅದೇ ಕಾಗದದ ಮೇಲೆ ಬರೆದುಕೊಳ್ಳಿ, ಕೆಳಗೆ ದಿನಾಂಕ ಹಾಕಿ. ಒಂದು ಪ್ರತಿಯನ್ನು ಆ ಮನೆಯಲ್ಲೇ ಬಿಟ್ಟು ಬನ್ನಿ. ದುರಸ್ತಿಗೆಂದು ಯಂತ್ರ ದಣಪೆಯವರೆಗೆ ಬಂದ ದಿನ ಅದು ಅವರಿಗೆ ಬೇಕಾಗುತ್ತದೆ.